ತೂಬಿನ ಲೆಕ್ಕ

ನಿಜ್ವಾದ ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ
ನನ್ನದು ಎಣಿಸುವ ಕೆಲಸ.
ಜೀವಕೋಶದ ಗೋಡೆಯಲ್ಲಿ ಅಯಾನು ನುಸುಳುವ ಕಿಂಡಿಗಳ ಮೇಲೆ
ಯಾವ ವರ್ಷ ಎಷ್ಟು ಪ್ರಬಂಧ ಅಚ್ಚಾಯಿತು:
ಪೊಟ್ಯಾಷಿಯಂಗೆ ನೀಲಿ ಗೆರೆ, ಸೋಡಿಯಂಗೆ ಕೆಂಪು,
ಕ್ಯಾಲ್ಸಿಯಂಗೆ, ಬಣ್ಣದ ಶಾಯಿ ಮುಗಿದು, ಬರೀ ಚುಕ್ಕಿ.

ನಲವತ್ತು ವರ್ಷ ಏರಿದ ನೀಲಿ
ಈಚೆಗೆ ಮಂಡಿಯೂರಿದೆ.
ಡಾಕ್ಟರ್ ರಿಯಾಮಿ ಕನ್ನಡಕ ಹಣೆಗೇರಿಸಿದರು.
ಚೌಡೇಶ್ವರಿ ಅನ್ನಲು ಬಾರದೆ ಶೌದಾ ಅನ್ನುತ್ತಾರೆ.
"ಅನುದಾನದ ಅರ್ಜಿ ಇದು, ಶೌದಾ. ಇಳಿಜಾರು ಕಂಡರೆ
ಮಸ್ಕತ್‌ನವರು ಕೈ ತೊಳೆದುಕೊಳ್ಳುತ್ತಾರೆ.
ಐದೈದು ವರ್ಷ ಕೂಡಿಸಿ ಒಂದೊಂದು ಕಂಬ ಮಾಡು."
ಮಾಡಿದೆ. ಕಂಬಕ್ಕೆ ಮಂಡಿ ಇರುವುದಿಲ್ಲ.

ರಾತ್ರಿ ನಿದ್ದೆಗೆಡಿಸಿದ್ದು ಬೇರೆ ಪಟ್ಟಿ:
ಒಬ್ಬರೂ ಎಲ್ಲಿಯೂ ಉಲ್ಲೇಖಿಸದ
ಸಾವಿರದ ಮುನ್ನೂರ ಹನ್ನೆರಡು.
ಅದರಲ್ಲೊಂದು ನಾಲ್ಕೇ ಪುಟ,
ಇಲ್ಲಿಯದೇ ಮರಳಿನ ಹಳದಿ ಚೇಳಿನ ವಿಷ
ಸೋಡಿಯಂ ಕಿಂಡಿಯನ್ನು ಮುಚ್ಚಗೊಡದೆ ಹಿಡಿಯುವ ಬಗೆ.
ಬರೆದವರು ಇಬ್ಬರು; ವಿಳಾಸದಲ್ಲಿದ್ದ ಲ್ಯಾಬು ಈಗ ಟೈರಿನ ಗೋದಾಮು.
ಕಡೆಯ ಸಾಲು ಕೃತಜ್ಞತೆ,
ಚೇಳು ಹಿಡಿದುಕೊಟ್ಟ
ಒಂಟೆ ಮೇಯಿಸುವ ಹುಡುಗ ಮುಸಲ್ಲಮ್‌ಗೆ.

ಗುರುವಾರ ಸಂಜೆ ಫಲಜ್ ದಂಡೆಗೆ ಹೋದೆ.
ಖರ್ಜೂರಕ್ಕೆ ನೀರು ಕಟ್ಟುವ ಮುದುಕ ಸುಲೈಯಿಮ್
ಹಳೇ ಬಟ್ಟೆ ಸುತ್ತಿದ ಕಲ್ಲನ್ನು ಒಂದು ಕಿಂಡಿಯಿಂದ ಕಿತ್ತು
ಇನ್ನೊಂದಕ್ಕೆ ಒತ್ತಿದ.
ಗಡಿಯಾರ ನೋಡಲಿಲ್ಲ, ಗೋಡೆಯ ನೆರಳು ನೋಡಿದ.
"ದಿನಕ್ಕೆ ಎಷ್ಟು ನೀರು ಹೋಗುತ್ತೆ?" ನನ್ನ ಮುರುಕು ಅರಬ್ಬಿ.
"ಎಷ್ಟು ಅಂತ ಯಾರು ಕೇಳ್ತಾರೆ?
ಯಾರ ಸರದಿ ಅಂತ ಕೇಳು."

ನಮ್ಮಜ್ಜ ಮುನಿಯಲ್ಲಪ್ಪ ಮುಳಬಾಗಿಲ ಕಡೆ ನೀರುಗಂಟಿ.
ಊರಿಗೆಲ್ಲ ತೂಬು ಎತ್ತುವ ಕೈ;
ಊರ ಬಾವಿಗೆ ಇಳಿಯುವಂತಿರಲಿಲ್ಲ.
ನಾಟಿಯಿಲ್ಲದ ತಿಂಗಳೂ ನಸುಕಿಗೇ ಹೋಗಿ
ತೂಬಿನ ಕಲ್ಲಿನ ಮೇಲೆ ಕೂತು ಬರುತ್ತಿದ್ದ.
ಏನು ಕೆಲಸ ಮಾಡಿದೆ ತಾತಾ ಅಂದರೆ
"ಮುಚ್ಚಿಕ್ಕಿದ್ದೆ ಕಣಮ್ಮ" ಅನ್ನುವನು,
ದಿನವಿಡೀ ದುಡಿದವನ ದನಿಯಲ್ಲಿ.

ಭಾನುವಾರ ಅರ್ಜಿಯೊಡನೆ ಕಂಬಗಳೇ ಹೋದವು.
ಯಾರೂ ತಿರುವದ ಅನುಬಂಧಕ್ಕೆ
ಆ ಸಾವಿರದ ಮುನ್ನೂರ ಹನ್ನೆರಡನ್ನೂ ಸೇರಿಸಿದೆ.
ಸೊನ್ನೆ ಅನ್ನುವ ಕಡೆಯೆಲ್ಲ
ಮುಚ್ಚಿದೆ ಎಂದು ಬರೆದೆ.
ಮುಸಲ್ಲಮ್‌ನ ಹೆಸರಿಗೆ ಕಾಲಮ್ಮು ಇರಲಿಲ್ಲ.
ಅಡಿಟಿಪ್ಪಣಿ ಹಾಕಿದೆ.