ಮೂರು ದೀಪದ ಪೆಟ್ಟಿಗೆ

ಬಾಯ್ಸಿಯ ಶಾಸನಭವನದಲ್ಲಿ ನನ್ನ ಕೆಲಸ ಇಷ್ಟೇ:
ಬಂದವರ ಹೆಸರು ಬರೆದುಕೊಳ್ಳುವುದು,
ಪರವೋ ವಿರೋಧವೋ ಗೀಟೆಳೆಯುವುದು,
ಹಸಿರು, ಹಳದಿ, ಕೆಂಪು,
ಮೂರು ನಿಮಿಷಕ್ಕೆ ಗುಂಡಿ ಒತ್ತುವುದು.
ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ
ನಾನಾಡಿದ್ದು ಒಂದೇ ಮಾತು:
"ಮೈಕು ಹತ್ತಿರ ಎಳೆದುಕೊಳ್ಳಿ."

ಈವತ್ತು ಗಾಂಜಾ.
ಕಾಯಿಲೆಗೆ ಮಾತ್ರ, ಡಾಕ್ಟರ ಚೀಟಿಗೆ ಮಾತ್ರ,
ಬೀಗ ಹಾಕಿದ ಅಂಗಡಿಯಲ್ಲಿ ಮಾತ್ರ.
ಮಸೂದೆ ತಿರುವಿ ಎಣಿಸಿದೆ:
ಮಾತ್ರೆಗಿಂತ ‘ಮಾತ್ರ’ ಹೆಚ್ಚು.

ಮೊದಲು ನೆಕಾನೆ ಇಬರೋಲ, ಎಂಬತ್ತನಾಲ್ಕು,
ಬಾಸ್ಕ್ ಕುರುಬನ ಹೆಂಡತಿ, ಈಗ ವಿಧವೆ.
ಎರಡು ಕೈ ಎತ್ತಿ ಹಿಡಿದಳು, ಶುಂಠಿಯ ಬೇರಿನಂತೆ.
"ಈ ಬೆರಳಲ್ಲಿ ಹಿಮದೊಳಗೆ ಕುರಿಗಳಿಗೆ ಹೆರಿಗೆ ಮಾಡಿಸಿದ್ದೇನೆ.
ಈಗ ಆ ಮುಲಾಮು ಹಚ್ಚದಿದ್ದರೆ ಅಂಗಿಗೆ ಗುಂಡಿಯಿಲ್ಲ.
ಬೇಕಾದರೆ ಕೋಳ ತೊಡಿಸಿ,
ಸ್ವಲ್ಪ ಸಡಿಲ ಇರಲಿ, ಗೆಣ್ಣು ಬಾತಿದೆ."
ಸಭೆ ನಕ್ಕಿತು. ಅಧ್ಯಕ್ಷರು ಸುತ್ತಿಗೆ ಕುಟ್ಟಿದರು.
ದೀಪ ಇನ್ನೂ ಹಸಿರೇ.

ಆಮೇಲೆ ಶರೀಸ್ ಟೋಲ್ಮನ್, ವಿರೋಧ.
ಮಗನ ಫೋಟೋ ತಂದಿದ್ದಳು, ಎತ್ತಿ ತೋರಿಸಲಿಲ್ಲ,
ಬೋರಲು ಇಟ್ಟಳು.
"ಅವನಿಗೂ ಬೆನ್ನುನೋವೇ ಇತ್ತು.
ಅವನಿಗೂ ಬಿಳಿ ಕೋಟಿನವರೇ ಬರೆದುಕೊಟ್ಟರು.
ಔಷಧಿ ಅಂದ ಕೂಡಲೇ
ನನಗೆ ಬಾಗಿಲು ಸದ್ದಾಗುತ್ತೆ."
ಕೆಂಪು ಬಂತು. ನಾನು ನೋಡಲಿಲ್ಲ.
ಮೂರ್ಛೆರೋಗದ ಮಗಳನ್ನು ತೊಡೆಯ ಮೇಲಿಟ್ಟುಕೊಂಡವನು,
ಪರ ಎಂದು ಬರೆಸಿದವನು,
ಅವಳಿಗೆ ಕುರ್ಚಿ ಸರಿಸಿಕೊಟ್ಟ.

ಐದನೆಯವರು ಶೆರಿಫ್ ಲಾಮರ್ ಥಾರ್ನಾಕ್.
ನನ್ನ ಬಾಯಿ ಒಣಗಿತು.

ಹೋದ ವರ್ಷದ ಚಳಿಗೆ ನನ್ನ ತಂಗಿ ಲಾರೂ
ನೀರು ಕುಡಿದರೂ ಕಕ್ಕುತ್ತಿದ್ದಳು.
ಹೊಳೆ ದಾಟಿದರೆ ಒರೆಗಾನ್. ಅಲ್ಲಿ ಅದು ಅಂಗಡಿ ಸಾಮಾನು,
ಸೇತುವೆಯ ಈಚೆಗೆ ಅಪರಾಧ.
ನೀರು ಮಾತ್ರ ಒಂದೇ.
ಹದಿನೈದು ದಿನಕ್ಕೊಮ್ಮೆ ದಾಟಿದೆ,
ಚರ್ಚಿನ ಮಕ್ಕಳ ಬಣ್ಣದ ಕಡ್ಡಿಯ ಡಬ್ಬಿಯಡಿ ಬಚ್ಚಿಟ್ಟು.
ಮೊದಲ ರಾತ್ರಿ ಅರ್ಧ ಆಲೂಗಡ್ಡೆ ತಿಂದು
ಲಾರೂ ಉಪ್ಪು ಕೇಳಿದಳು.
ಉಪ್ಪು! ನಾನು ಅಡುಗೆಮನೆಗೆ ಹೋಗಿ
ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ನಾಲ್ಕನೆಯ ಸಲ ಸೇತುವೆಯ ತುದಿಯಲ್ಲಿ ಟಾರ್ಚು.
ಹಳದಿ ಕಡ್ಡಿ ಎತ್ತಿದ. ನೀಲಿ ಎತ್ತಿದ.
ಡಬ್ಬಿ ಎತ್ತಿದ. ಇಟ್ಟ. ಮುಚ್ಚಳ ಹಾಕಿದ.
"ಮುಂದೆ ಜಿಂಕೆ ಅಡ್ಡ ಬರುತ್ತವೆ, ವರ್ಲೀನ್,
ನಿಧಾನ."

ಈಗ ಅದೇ ಗಂಟಲು:
"ನನ್ನ ಕೌಂಟಿಯಲ್ಲಿ ಕಾನೂನಿಗೆ ಎರಡು ಮುಖವಿಲ್ಲ."
ಕಾಗದ ಎರಡು ನಿಮಿಷಕ್ಕೆ ಮುಗಿಯಿತು.
ಆತ ಕೂರಲಿಲ್ಲ. ಹ್ಯಾಟು ಕೈಯಲ್ಲಿ ತಿರುಗಿಸಿದ.
ಹಳದಿ.
"ಇನ್ನೇನಾದರೂ, ಶೆರಿಫ್?"
"ರಾತ್ರಿ ಆ ಸೇತುವೆ ಮೇಲೆ ಯಾರ್ಯಾರು ಬರುತ್ತಾರೆ
ನಿಮಗೆ ಗೊತ್ತಿಲ್ಲ," ಅಂದ,
ನನ್ನ ಪೆಟ್ಟಿಗೆ ನೋಡುತ್ತ.
ಅದು ಬೆದರಿಕೆಯೋ ಬೇಡಿಕೆಯೋ,
ಬರೆಯಲು ನನ್ನ ಕಾಗದದಲ್ಲಿ ಅಂಕಣವಿರಲಿಲ್ಲ.
ವಿರೋಧ, ಗೀಟೆಳೆದೆ.

ಎಂಟಕ್ಕೆ ಏಳು. ಮುಂದಿನ ಅಧಿವೇಶನದವರೆಗೆ
ಸಮಿತಿಯಲ್ಲೇ ಇರಲಿ ಎಂದರು.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಆ ಹೊಳೆಗೂ ಇಲ್ಲಿ ಹಾವಿನದೇ ಹೆಸರು.

ಬಾಗಿಲ ಬಳಿ ಮುದುಕಿ ಕೋಟಿನೊಡನೆ ಹೆಣಗುತ್ತಿದ್ದಳು.
ನಾನೇ ಬಗ್ಗಿ ಗುಂಡಿ ಹಾಕಿದೆ, ಐದು.
ಕರ್ಪೂರದ ಕೆಳಗೆ ಆ ಹಸಿ ಘಾಟು,
ಲಾರೂಳ ದಿಂಬಿನದು.
"ನೀನು ಯಾವ ಕಡೆಯವಳು, ತಾಯಿ?"
"ನಾನು ದೀಪದವಳು," ಅಂದೆ.

ಲಾರೂ ಮಾರ್ಚಿನಲ್ಲಿ ಹೋದಳು.
ಡಬ್ಬಿಯಲ್ಲಿ ಇನ್ನೂ ಎರಡು ಉಳಿದಿವೆ.
ಎಸೆಯಬೇಕು.
ಮಕ್ಕಳು ಬಣ್ಣ ಕೇಳುತ್ತಿದ್ದಾರೆ.