ಅಂದಾಜು ಮುನ್ನೂರು

ಕಾಮಾಕ್ಷಿಪಾಳ್ಯ, ಮೂರನೇ ಮಹಡಿ, ಶೀಟಿನ ಮನೆ.
ತಾರಸಿಯಲ್ಲಿ ಇಪ್ಪತ್ತೆಂಟು ಥರ್ಮಾಕೋಲ್ ಡಬ್ಬ,
ಹಿಂದೆ ದ್ರಾಕ್ಷಿ ತುಂಬಿ ಬಂದವು,
ಒಂದರ ಮೇಲೆ ಇನ್ನೂ ಬಿಜಾಪುರ ಅಂತ ಚೀಟಿ ಇದೆ.
ಈಗ ಅದರಲ್ಲಿ ಗಪ್ಪಿಯ ಮೂರನೇ ಬಾಣಂತನ.

ಕಾವೇರಿ ಬರುವುದು ದಿನ ಬಿಟ್ಟು ದಿನ.
ಬಂದ ನೀರನ್ನು ಬಂದ ಹಾಗೇ ಹಾಕುವಂತಿಲ್ಲ,
ಕ್ಲೋರಿನ್ ಆರಬೇಕು. ಒಂದು ಹಗಲು ಒಂದು ರಾತ್ರಿ
ಡ್ರಮ್ಮಿನಲ್ಲಿ ಸುಮ್ಮನೆ ಕೂತಿರಬೇಕು,
ಹೊಸ ಸೊಸೆಯ ಹಾಗೆ, ಅನ್ನುತ್ತಿದ್ದರು ನಮ್ಮತ್ತೆ.
ಅಂದದ್ದು ನೀರಿಗೋ ನನಗೋ
ಕೇಳಲಿಲ್ಲ. ಬಕೆಟ್ಟು ಭಾರ ಇತ್ತು.

ಪೀಣ್ಯದಲ್ಲಿ ಕಾಲರು ಹೊಲಿದ ಕೈ ಇದು,
ಗಂಟೆಗೆ ಎಂಬತ್ತು ಪೀಸು.
ನಿದ್ದೆಯಲ್ಲೂ ಬೆರಳು ಎಣಿಸುತ್ತಿತ್ತಂತೆ.
ಫ್ಯಾಕ್ಟರಿಗೆ ಬೀಗ ಬಿದ್ದ ಮೇಲೆ
ಎಣಿಕೆಗೆ ನಿಲ್ಲದ ಸರಕು ಕೈಗೆ ಬಂತು.

ಫೈಟರ್ ಗಂಡಿನದು ಬೇರೆಯೇ ಸಂಸಾರ.
ಬಾದಾಮಿ ಎಲೆಯ ಕೆಳಗೆ
(ಎಲೆ ಎದುರಿನ ಶಾಲೆಯದು, ಕಾಸಿಲ್ಲ)
ಉಗುಳಿನಲ್ಲಿ ಗುಳ್ಳೆ ಕಟ್ಟುತ್ತಾನೆ, ಗುಳ್ಳೆಯ ಪಕ್ಕ ಗುಳ್ಳೆ.
ಸಣ್ಣ ರವೆಯಷ್ಟು ಮೊಟ್ಟೆ,
ಜಾರಿದ್ದನ್ನು ಬಾಯಲ್ಲಿ ಹಿಡಿದು ತಂದು
ಮತ್ತೆ ಮೇಲಕ್ಕೆ ಅಂಟಿಸುತ್ತಾನೆ.
ಅಷ್ಟರಲ್ಲಿ ಹೆಣ್ಣನ್ನು ನಾನು ಎತ್ತಿರಬೇಕು,
ಇಲ್ಲದಿದ್ದರೆ ಅವಳು ಉಳಿಯುವುದಿಲ್ಲ.
ಮರಿ ಈಜು ಕಲಿತ ದಿನ ಅವನನ್ನೂ ಎತ್ತಬೇಕು,
ಇಲ್ಲದಿದ್ದರೆ ಮರಿ ಉಳಿಯುವುದಿಲ್ಲ.
ಕಾದವನೇ. ಅದೇ ಬಾಯಿ.

ಎಟಿಎಂ ಕಾವಲು ಮುಗಿಸಿ ಬಂದ ನಮ್ಮವರು
ಯೂನಿಫಾರಂ ಬಿಚ್ಚದೆ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು
'ಇವನದೂ ನೈಟ್ ಶಿಫ್ಟಾ' ಅಂದರು.

ಗುಳ್ಳೆಯಡಿ ಮರಿಗಳು ತೂಗುತ್ತಿವೆ,
ಅಕ್ಷರ ಕಳಕೊಂಡ ಕೊಂಬುಗಳು,
ಇನ್ನೂ ಯಾವ ಮಾತಿಗೂ ಸೇರದೆ.
ಟಾರ್ಚು ಬಿಟ್ಟು ಎಣಿಸಿದೆ. ನಲವತ್ತಕ್ಕೆ ತಪ್ಪಿತು.
ಮತ್ತೆ. ಅರವತ್ತಕ್ಕೆ.
ಮಗಳ ಗಣಿತದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದೆ:
ಅಂದಾಜು ಮುನ್ನೂರು.

ಡೆಂಗಿ ಕಾಲ. ಆಶಾ ಕೆಲಸದ ಪುಟ್ಟಗೌರಮ್ಮ
ಏದುಸಿರಲ್ಲಿ ಮೆಟ್ಟಿಲು ಹತ್ತಿ ಬಂದು
ಇಪ್ಪತ್ತೆಂಟು ಡಬ್ಬ ನಿಂತ ನೀರು ನೋಡಿ
ಎದೆ ಮೇಲೆ ಕೈ ಇಟ್ಟುಕೊಂಡರು.
ಒಂದೊಂದಕ್ಕೂ ಬಗ್ಗಿದರು. ಒಂದೂ ಹುಳವಿಲ್ಲ.
ಇಪ್ಪತ್ತೊಂಬತ್ತನೆಯದು,
ಮೀನಿಗೆಂದು ಸೊಳ್ಳೆಹುಳ ಬೆಳೆಸಿದ ನೀಲಿ ಟಬ್ಬು,
ಒಣಹಾಕಿದ ಬೆಡ್‌ಶೀಟಿನ ಹಿಂದೆ ಉಸಿರು ಬಿಗಿ ಹಿಡಿದಿತ್ತು.
ನಾನೂ.
ಹೊರಟವರು ತಿರುಗಿ, 'ನಮ್ಮ ಸಂಪಿಗೆ
ಎರಡು ಜೊತೆ ಗಪ್ಪಿ ಕೊಡ್ತೀಯೇನಮ್ಮ?'
ಕೊಟ್ಟೆ. ದುಡ್ಡು ಮುಟ್ಟಲಿಲ್ಲ.
ರಾತ್ರಿಯೇ ಟಬ್ಬು ಸೋಸಿ ಚೆಲ್ಲಿದೆ.
ಕೆಳಗಿನ ಮನೆಯಲ್ಲಿ ಐದು ತಿಂಗಳ ಕೂಸಿದೆ.

ಡಿಸೆಂಬರಿನಲ್ಲಿ ಒಂದು ರಾತ್ರಿ ಕರೆಂಟು ಹೋಗಿ
ಬಿಸಿಗೆ ಇಟ್ಟ ಬಲ್ಬು ಆರಿತು.
ಡಬ್ಬಗಳಿಗೆ ಕಂಬಳಿ, ಮಗಳ ಸ್ವೆಟರು, ನನ್ನ ಮದುವೆ ಶಾಲು.
ಸತ್ತವನ್ನು ಎಣಿಸುವುದು ಸುಲಭ.
ಅವು ನಿಲ್ಲುತ್ತವೆ.
ನೂರಾ ಹನ್ನೆರಡು.
ಬರೆಯಲಿಲ್ಲ.

ಉಳಿದದ್ದರಲ್ಲಿ ಬಣ್ಣ ಬಂದ ಗಂಡುಗಳನ್ನು ಆರಿಸಿ
ಒಂದೊಂದಕ್ಕೆ ಒಂದು ಕವರು, ಅರ್ಧ ನೀರು ಅರ್ಧ ಗಾಳಿ,
ಕವರು ಕವರಿನ ನಡುವೆ ಹಳೇ ಪೇಪರು,
ಒಬ್ಬರಿಗೊಬ್ಬರು ಕಾಣಬಾರದು.
ಶಿವಾಜಿನಗರದ ಬಸ್ಸು. ನನಗೆ ಸೊನ್ನೆ ರೂಪಾಯಿಯ ಟಿಕೆಟ್ಟು,
ಮೀನಿಗೆ ಕಂಡಕ್ಟರು ಕೇಳಲಿಲ್ಲ.
ಸಿಗ್ನಲ್ಲಿನಲ್ಲಿ ಬ್ರೇಕು ಬಿದ್ದು ಪೇಪರು ಜಾರಿ
ಒಂದು ನೀಲಿ, ಒಂದು ಕೆಂಪು ಎದುರುಬದುರಾದವು.
ಕಿವಿರು ಬಿಚ್ಚಿ, ರೆಕ್ಕೆ ಬಿಚ್ಚಿ,
ಒಂದೇ ತಾಯಿಯ ಮಕ್ಕಳು,
ಬುಟ್ಟಿಯೆಲ್ಲ ರೇಷ್ಮೆ.
ಪಕ್ಕದ ಸೀಟಿನ ಅಜ್ಜಿ 'ಅಯ್ಯೋ, ಚೆಂದ' ಅಂದಳು.
ಪೇಪರು ಸರಿಮಾಡಲು ಒಂದು ಸ್ಟಾಪು ತಡಮಾಡಿದೆ.

ಇಫ್ತಿಕಾರ್ ಭಾಯ್ ಅಂಗಡಿ. ಒಂದಕ್ಕೆ ಅರವತ್ತು.
'ಎಷ್ಟಿದೆ ಅಕ್ಕಾ?'
ನಲವತ್ತೊಂದು. ಗೊತ್ತಿತ್ತು.
'ನೀವೇ ಎಣಿಸಿ' ಅಂದು
ಬೀದಿ ಕಡೆ ತಿರುಗಿ ನಿಂತೆ.