ನಿಲ್ಲಬಾರದಂತೆ

ಹುಡುಗ ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ
ತಾನು ನೆಲಕ್ಕೆ ಮಂಡಿಯೂರಿ ಕೂತ.
ಅರವತ್ತೆರಡು ವರ್ಷದಲ್ಲಿ ನನ್ನೆದುರು ಮಂಡಿಯೂರಿದ ಗಂಡಸು
ಇವನೊಬ್ಬನೇ; ನನ್ನ ಅಬೀಲಿಯು ಕೂಡ
ಮದುವೆಯಾಗ್ತೀಯಾ ಎಂದು ಕೇಳುವಾಗ ಗೋಡೆಗೆ ಒರಗಿದ್ದ.

ನೇರಳೆ ಪೆನ್ನು. ತಣ್ಣಗೆ, ಕಚಗುಳಿ.
ತೊಡೆಯ ಸಂದಿನಿಂದ ಹಿಮ್ಮಡಿಯ ತನಕ
ಗೆರೆ ಎಳೆದ, ಗಂಟು ಬಂದಲ್ಲೆಲ್ಲ ಸೊನ್ನೆ ಸುತ್ತಿದ.
"ಮಲಗಿದರೆ ಇವು ಅಡಗಿಬಿಡುತ್ತವೆ, ದೋನಾ ದಿಯೊಲಿಂದಾ,
ನಿಂತಾಗಲೇ ಹಿಡಿಯಬೇಕು."
ಹೌದಪ್ಪಾ. ನಿಂತಾಗಲೇ ಹಿಡಿದವು ಇವು ನನ್ನನ್ನೂ.

ಮತೊಸಿನ್ಯೊಸಿನ ಬಂದರಿಗೆ ದೋಣಿ ಬಂತೆಂದರೆ
ಕಾರ್ಖಾನೆ ಸಿಳ್ಳೆ ಹಾಕುತ್ತಿತ್ತು,
ನಡುರಾತ್ರಿಯಾದರೂ ಸರಿ, ಮಗು ಮೊಲೆ ಬಿಡದಿದ್ದರೂ ಸರಿ.
ಮೂವತ್ತೊಂದು ವರ್ಷ. ಒದ್ದೆ ಸಿಮೆಂಟು, ಕಲ್ಲಿನ ಮೇಜು,
ಎದುರಿಗೆ ಎರ್ಮೆಲಿಂದಾ, ಪಕ್ಕಕ್ಕೆ ಜುಲ್ಮೀರಾ,
ನಡುವೆ ಬೂತಾಯಿ ಮೀನಿನ ಗುಡ್ಡೆ.
ಬೆಂಚು ಕೇಳಿದ್ದಕ್ಕೆ ಮೇಸ್ತ್ರಿ ಹೇಳಿದ್ದ:
"ಕೂತ ಹೆಂಗಸಿನ ಕೈ ನಿದ್ದೆ ಮಾಡುತ್ತದೆ."

ನಮ್ಮ ಕೈ ನಿದ್ದೆ ಮಾಡಲಿಲ್ಲ. ರಕ್ತ ಮಾಡಿತು.
ಮೇಲೆ ಹೋಗಬೇಕಾದದ್ದು ಅರ್ಧ ದಾರಿ ಹತ್ತಿ,
ಹಿಂದಿನ ಕದಕ್ಕೆ ಚಿಲಕವಿಲ್ಲದ್ದು ಕಂಡು
ಜಾರಿ ಕೆಳಗಿಳಿದು, ಮೊಣಕಾಲ ಹಿಂದೆ
ಕೆಲಸವಿಲ್ಲದವರ ಹಾಗೆ ಗುಂಪು ಕೂಡಿತು.
ಮೊದಲು ಕೂದಲೆಳೆ. ಎರಡನೇ ಬಸುರಿಗೆ ಹುರಿ.
ಮೂರನೆಯದಕ್ಕೆ ಹಗ್ಗ, ಹಗ್ಗಕ್ಕೆ ಗಂಟು.
ಬೇಸಿಗೆಯಲ್ಲೂ ದಪ್ಪ ಕಾಲುಚೀಲ.
ಮನೆಯಿಂದ ಸಮುದ್ರ ಇನ್ನೂರು ಹೆಜ್ಜೆ;
ಮರಳಿಗೆ ನನ್ನ ಕಾಲಿನ ಗುರುತೇ ಇಲ್ಲ.

ಅಮ್ಮನಿಗೂ ಇತ್ತು. ಅವಳದು ಗಿಣ್ಣಿನ ಹತ್ತಿರ ಒಡೆದು
ಒಂಬತ್ತು ವರ್ಷ ಮಾಯದ ಹುಣ್ಣಾಗಿತ್ತು.
ಕೋಸಿನ ಹೊರಗಿನ ಎಲೆ ಬಾಡಿಸಿ ಸುತ್ತಿಕೊಳ್ಳುತ್ತಿದ್ದಳು;
ಒಳಗಿನವು ನಮ್ಮ ಸಾರಿಗೆ.

ಬೆನ್ನಿಗೆ ಸೂಜಿ ಕೊಟ್ಟರು. ಸೊಂಟದ ಕೆಳಗೆ ನಾನು
ಬೇರೆ ಯಾರದೋ ಸಾಮಾನು.
ಹಸಿರು ಪರದೆಯಾಚೆ ರೇಡಿಯೋದಲ್ಲಿ ಫುಟ್‌ಬಾಲು.
ನೋವಿಲ್ಲ. ಎಳೆತ ಮಾತ್ರ ಗೊತ್ತಾಗುತ್ತದೆ:
ತೊಡೆಯ ಸಂದಿನಲ್ಲೊಂದು ಸೀಳು, ಮೊಣಕಾಲ ಕೆಳಗೊಂದು,
ನಡುವೆ ತಂತಿ ತೂರಿಸಿ, ತುದಿಗೆ ಕಟ್ಟಿ,
ಒಂದೇ ಸಮನೆ, ಅವಸರವಿಲ್ಲದೆ

ಅರೆ, ಈ ಎಳೆತ ನನ್ನದು!
ತಲೆಯನ್ನು ಹೆಬ್ಬೆರಳಲ್ಲಿ ತಿರುವಿ ಎಳೆದರೆ
ಮೀನಿನ ಕರುಳು ದಾರದ ಹಾಗೆ ಹಿಂದೆಯೇ ಬರಬೇಕು.
ಹರಿದರೆ ಹೊಸಬಳು ಅಂತ ಲೆಕ್ಕ.
"ಹರಿಯಿತಾ?" ಪರದೆಯ ಮೇಲಿಂದ ಕೇಳಿದೆ.
"ಇಲ್ಲ, ಪೂರ್ತಿ ಬಂತು."
ಪರವಾಗಿಲ್ಲ ಹುಡುಗ. ನಮ್ಮ ಮೇಜಿಗೆ ಸೇರಿಸಿಕೊಳ್ಳಬಹುದಿತ್ತು.

ತೋರಿಸು ಎಂದೆ. ಸ್ಟೀಲಿನ ತಟ್ಟೆಯಲ್ಲಿ
ಮುದುಡಿಕೊಂಡ ಪೇಲವ ಎರೆಹುಳ.
ಇಷ್ಟೇನಾ?
ಇದಕ್ಕಾ ನಾನು ಅಷ್ಟೊಂದು ಬೇಸಿಗೆ ಬಿಟ್ಟುಕೊಟ್ಟದ್ದು?
"ಇನ್ನು ಆ ರಕ್ತ ಎಲ್ಲಿಗೆ ಹೋಗುತ್ತೆ?"
"ಆಳದಲ್ಲಿ ಬೇರೆ ನಾಳಗಳಿವೆ. ಮೊದಲಿಂದಲೂ
ಹೆಚ್ಚಿನ ಹೊರೆ ಅವುಗಳದ್ದೇ. ಹೊರಗೆ ಕಾಣಿಸುವುದಿಲ್ಲ, ಅಷ್ಟೆ."
ಎರ್ಮೆಲಿಂದಾಗೆ ಹೇಳಬೇಕು ಇದನ್ನು. ನಗುತ್ತಾಳೆ.

ಸಂಜೆಗೇ ಎಬ್ಬಿಸಿ ನಡೆಸಿದರು. ತೊಡೆಯ ತನಕ ಬಿಗಿ ಪಟ್ಟಿ,
ಅದರಡಿ ನೇರಳೆ ಗೆರೆ ಇನ್ನೂ ಅಳಿಸಿರಲಿಲ್ಲ.
ನರ್ಸು ಚೀಟಿ ಓದಿದಳು: ದಿನವೂ ನಡೆಯಬೇಕು.
ಇಲ್ಲವಾದರೆ ಕಾಲು ಎತ್ತಿಟ್ಟು ಮಲಗಬೇಕು.
ಒಂದೇ ಕಡೆ ನಿಲ್ಲಬಾರದು.
ಇನ್ನೊಮ್ಮೆ ಓದು ಎಂದೆ. ಓದಿದಳು.
ಕೆಳಗೆ ಸಹಿ ಇದೆಯಾ? ಇದೆ. ಮೊಹರು? ಅದೂ ಇದೆ.
ಮಡಿಸಿ ರವಿಕೆಯೊಳಗೆ ಇಟ್ಟುಕೊಂಡೆ.

ಮೇಸ್ತ್ರಿ ಸತ್ತು ಹನ್ನೆರಡು ವರ್ಷವಾಯಿತು.
ಪಟ್ಟಿ ಬಿಚ್ಚಿದ ದಿನ ಹೋಗಿ ಓದಿ ಹೇಳಿ ಬರುತ್ತೇನೆ.
ಅವನ ಗೋರಿಯ ಕಲ್ಲು ಅಗಲವಾಗಿದೆ,
ಕೂರಲಿಕ್ಕೆ ಚೆನ್ನಾಗಿದೆ.